ಮಳೆಗಾಲದ ಟಯರ್: ಗಾಡಿ ಹೂತುಹೋಗುವ ಜಾಗವಲ್ಲ, ಬ್ರೇಕ್ ಹಾಕುವ ಜಾಗ ನೋಡಿ

ಮೇ ತಿಂಗಳು ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಟಯರ್ ಅಂಗಡಿಗಳಲ್ಲಿ ಒಂದೇ ಮಾತು. "ಅಣ್ಣಾ, ಕೆಸರಲ್ಲಿ ಜಾರದ ಟಯರ್ ಯಾವುದಿದೆ?" ಅಂಗಡಿಯವರು ಗಾಡಿ ಯಾವುದು ಅಂತ ಕೇಳುತ್ತಾರೆ, ಬಜೆಟ್ ಎಷ್ಟು ಅಂತ ಕೇಳುತ್ತಾರೆ. ಗಾಡಿ ದಿನಾ ಓಡುವುದು ಎಲ್ಲಿ ಅಂತ ಕೇಳುವವರು ಕಡಿಮೆ. ಕೇಳಬೇಕಾದ್ದು ಮಾತ್ರ ಅದನ್ನೇ.

ಪಿಕಪ್, ಬೊಲೆರೊ, ಥಾರ್, ಜಿಮ್ನಿ, ತೋಟದ ಹಳೇ ಜೀಪು, ಇಂಥ ಗಾಡಿ ಇಟ್ಟುಕೊಂಡವರಿಗೆ ಈ ಬರಹ. ಲಾರಿಯವರಿಗೂ ಕೊನೆಯಲ್ಲಿ ನಾಲ್ಕು ಮಾತಿದೆ.

ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆದರೂ ಲೆಕ್ಕ ಹಾಕಿ ನೋಡಿ, ನಿಮ್ಮ ಗಾಡಿ ಕೆಸರಲ್ಲಿ ಓಡುವುದು ಎಷ್ಟು ದೂರ? ಮನೆಯ ಗೇಟಿನಿಂದ ಡಾಮರು ರಸ್ತೆಯವರೆಗೆ, ಮತ್ತೆ ತೋಟದ ಒಳಗೆ ಒಂದಿಷ್ಟು. ಉಳಿದದ್ದೆಲ್ಲ ಒದ್ದೆ ಡಾಮರು, ಒದ್ದೆ ಕಾಂಕ್ರೀಟು, ಹೆದ್ದಾರಿ 66ರಲ್ಲಿ ನಿಂತ ನೀರು, ಘಾಟಿಯ ತಿರುವು. ಕೆಸರಲ್ಲಿ ಗಾಡಿ ಬಾಕಿ ಆದರೆ ಒಂದು ಹಗ್ಗ, ಪಕ್ಕದ ಮನೆಯವರ ಟ್ರ್ಯಾಕ್ಟರ್, ಅರ್ಧ ದಿನ. ಅಲ್ಲಿಗೆ ಮುಗಿಯಿತು. ಹೆದ್ದಾರಿಯಲ್ಲಿ ಎದುರಿನ ಬಸ್ಸು ಗಕ್ಕನೆ ನಿಂತಾಗ ನಿಮ್ಮ ಗಾಡಿ ನಿಲ್ಲದಿದ್ದರೆ ಹಗ್ಗ ತಂದು ಪ್ರಯೋಜನವಿಲ್ಲ. ಅದಕ್ಕೇ ನನ್ನ ಪ್ರಕಾರ ಬ್ರೇಕ್ ಮೊದಲು, ಕೆಸರು ಆಮೇಲೆ. ಫೋರ್ ವೀಲ್ ಡ್ರೈವ್ ಇದೆಯಲ್ಲ ಅನ್ನಬೇಡಿ. ಅದು ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ, ನಿಲ್ಲಿಸುವುದಿಲ್ಲ. ನಾಲ್ಕು ಚಕ್ರಕ್ಕೂ ಬ್ರೇಕ್ ಮಾರುತಿ ಕಾರಲ್ಲೂ ಇದೆ.

ಅಂಗಡಿಯಲ್ಲಿ ಮೂರು ಹೆಸರು ಕೇಳುತ್ತೀರಿ. ಎಚ್‌ಟಿ, ಎಟಿ, ಎಂಟಿ. ಎಚ್‌ಟಿ ಅಂದರೆ ಹೈವೇ ಟೆರೇನ್, ಕಂಪೆನಿಯಿಂದ ಬರುವ ಹೆಚ್ಚಿನ ಗಾಡಿಗಳಲ್ಲಿ ಇರುವುದು ಇದೇ. ಎಟಿ ಅಂದರೆ ಆಲ್ ಟೆರೇನ್, ಅದರಲ್ಲೂ ಇದರಲ್ಲೂ ಓಡಲಿ ಅಂತ ಮಾಡಿದ್ದು. ಎಂಟಿ ಅಂದರೆ ಮಡ್ ಟೆರೇನ್, ದೊಡ್ಡ ದೊಡ್ಡ ಬಟನ್ (ಟಯರ್ ಮೇಲೆ ಎದ್ದು ನಿಂತ ರಬ್ಬರ್ ಗಟ್ಟಿ) ಇರುವ, ನೋಡಿದ ಕೂಡಲೇ ಗಾಡಿಗೆ ಒಂದು ಗತ್ತು ಬಂತು ಅನಿಸುವ ಟಯರ್. ಬಹಳ ಜನ ಅದನ್ನು ಹಾಕಿಸುವುದೂ ಆ ಗತ್ತಿಗೇ, ಸುಮ್ನೆ ಕೆಸರಿನ ಹೆಸರು ಹೇಳುತ್ತಾರೆ ಅಷ್ಟೆ.

ಹತ್ತಿರ ಹೋಗಿ ನೋಡಿದರೆ ಮೂರರ ವ್ಯತ್ಯಾಸ ಗೊತ್ತಾಗುತ್ತದೆ. ಒಳ್ಳೆಯ ಎಚ್‌ಟಿ ಟಯರ್‌ನ ಪ್ರತಿ ಬಟನ್ ಮೇಲೂ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸೀಳುಗಳಿರುತ್ತವೆ. ಉಗುರು ಒತ್ತಿದರೆ ಸೀಳು ಬಾಯಿ ಬಿಡುತ್ತದೆ. ಇವಕ್ಕೆ ಸೈಪ್ ಅನ್ನುತ್ತಾರೆ. ಒದ್ದೆ ರಸ್ತೆಯ ಮೇಲೆ ಟಯರ್ ಒತ್ತಿದಾಗ, ಬಟನ್‌ಗಳ ನಡುವಿನ ದೊಡ್ಡ ಕಾಲುವೆಗಳು ನೀರನ್ನು ಆಚೆ ದಬ್ಬಿದ ಮೇಲೂ ರಬ್ಬರಿಗೂ ಡಾಮರಿಗೂ ನಡುವೆ ಒಂದು ತೆಳ್ಳಗಿನ ನೀರಿನ ಪದರ ಉಳಿಯುತ್ತದೆ. ಆ ಪದರವನ್ನು ಒಡೆಯುವುದು ಈ ಸೀಳುಗಳ ಅಂಚು. ಅಂಚು ಜಾಸ್ತಿ ಇದ್ದಷ್ಟೂ ಕಚ್ಚಿ ಹಿಡಿಯುವುದು ಜಾಸ್ತಿ.

ಎಂಟಿ ಟಯರ್‌ನಲ್ಲಿ ಇಂಥ ಸೀಳು ಬಹಳ ಕಡಿಮೆ. ಬಟನ್‌ಗಳ ನಡುವೆ ಬೆರಳು ತೂರುವಷ್ಟು ಜಾಗ ಖಾಲಿ ಬಿಟ್ಟಿರುತ್ತಾರೆ. ಅದು ಬೇಕಂತಲೇ ಬಿಟ್ಟದ್ದು: ಕೆಸರು ಆ ಸಂದಿಗೆ ತುಂಬಬೇಕು, ಚಕ್ರ ತಿರುಗಿದಾಗ ಸಿಡಿದು ಹೊರಗೆ ಹೋಗಬೇಕು, ಮುಂದಿನ ಸುತ್ತಿಗೆ ಬಟನ್ ಖಾಲಿಯಾಗಿ ಮತ್ತೆ ಮಣ್ಣನ್ನು ಅಗೆಯಬೇಕು. ಎಚ್‌ಟಿ ಟಯರ್ ಕೆಸರಲ್ಲಿ ಸೋಲುವುದು ಇಲ್ಲೇ. ಅದರ ಸಣ್ಣ ಕಾಲುವೆಗಳಿಗೆ ಮಣ್ಣು ತುಂಬಿದರೆ ಹೊರಗೆ ಬರುವುದಿಲ್ಲ, ಒಂದೆರಡು ಸುತ್ತಿಗೇ ಟಯರ್ ಮಣ್ಣು ಮೆತ್ತಿದ ನುಣ್ಣನೆಯ ಉರುಳೆ ಆಗುತ್ತದೆ. ಆದರೆ ಎಂಟಿಯ ಆ ಖಾಲಿ ಜಾಗ ಒದ್ದೆ ಡಾಮರಿನ ಮೇಲೆ ನಷ್ಟದ ಲೆಕ್ಕ. ರಸ್ತೆಗೆ ತಾಗುವ ರಬ್ಬರೇ ಕಡಿಮೆ, ನೀರಿನ ಪದರ ಒಡೆಯುವ ಅಂಚು ಕಡಿಮೆ, ಎತ್ತರದ ಬಟನ್‌ಗಳು ಬ್ರೇಕ್ ಹಾಕಿದಾಗ ಅತ್ತಿತ್ತ ಬಾಗುತ್ತವೆ. ಹಾಗಾಗಿ ಕೆಸರಿನಲ್ಲಿ ಹುಲಿಯಂತಿದ್ದ ಗಾಡಿ ಒದ್ದೆ ಹೆದ್ದಾರಿಯಲ್ಲಿ ಬ್ರೇಕ್ ಒತ್ತಿದರೆ ನಾಲ್ಕು ಮಾರು ಮುಂದೆ ಹೋಗಿ ನಿಲ್ಲುತ್ತದೆ. ಜೊತೆಗೆ ಗುಂಯ್ ಅನ್ನುವ ಸದ್ದು, ಡೀಸೆಲ್ ಖರ್ಚು, ಕಾಂಕ್ರೀಟು ರಸ್ತೆಯಲ್ಲಿ ಬೇಗ ಸವೆಯುವುದು. ಮಂಗಳೂರು ಪೇಟೆಯಲ್ಲಿ ಎಲ್ಲಿ ನೋಡಿದರೂ ಕಾಂಕ್ರೀಟೇ, ಶಿರಾಡಿ ಘಾಟಿಗೂ 2015ರಲ್ಲಿ ಮತ್ತು 2018ರಲ್ಲಿ ಕಾಂಕ್ರೀಟು ಹಾಕಿದ್ದಾರೆ. ಅದರ ಮೇಲೆ ದಿನಾ ಎಂಟಿ ಓಡಿಸುವುದು ದುಡ್ಡು ತೇಯುವ ಕೆಲಸ.

ಎಟಿ ನಡುವಿನದು. ಆದರೆ ಎಲ್ಲ ಎಟಿಗಳೂ ಒಂದೇ ಅಲ್ಲ. ಕೆಲವು ಎಚ್‌ಟಿಗೆ ಹತ್ತಿರ, ಕೆಲವು ಎಂಟಿಯ ತಮ್ಮನ ಹಾಗಿರುತ್ತವೆ. ಹೆಸರು ನೋಡಿ ತೀರ್ಮಾನಿಸಬೇಡಿ, ಬಟನ್ ಮೇಲೆ ಸೀಳು ಇದೆಯಾ, ಆ ಸೀಳು ಮೇಲೆ ಮೇಲೆ ಇದೆಯಾ ಇಲ್ಲ ಬುಡದವರೆಗೂ ಇಳಿದಿದೆಯಾ ನೋಡಿ. ಬರೀ ಮೇಲೆ ಮೇಲೆ ಗೀರಿದ್ದಾದರೆ ಅರ್ಧ ಸವೆಯುವಷ್ಟರಲ್ಲಿ ಅದು ಮಾಯ, ಎರಡನೇ ಮಳೆಗಾಲಕ್ಕೆ ನಿಮ್ಮ ಕೈಯಲ್ಲಿ ಬೇರೆಯೇ ಟಯರ್ ಇರುತ್ತದೆ.

ಈಗ ಕೆಸರಿನ ವಿಷಯ. ಇದರಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಕೆಸರು ಅಂದರೆ ಎಲ್ಲ ಕೆಸರೂ ಒಂದೇ ಅಲ್ಲ.

ನಮ್ಮ ಗುಡ್ಡೆ ದಾರಿಗಳ ಅಡಿಯಲ್ಲಿ ಇರುವುದು ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಮೇಲೆ ಎರಡು ಮೂರು ಬೆರಳು ದಪ್ಪ ಕೆಂಪು ಮಣ್ಣು, ಮಳೆಗೆ ಬೆಣ್ಣೆಯ ಹಾಗೆ ಜಾರುತ್ತದೆ, ಕೆಳಗೆ ಗಟ್ಟಿ ನೆಲ. ಇಲ್ಲಿ ಬೇಕಾದ್ದು ಅಗಲದ ಟಯರ್ ಅಲ್ಲ, ಸಪೂರದ್ದು. ಗಾಡಿಯ ಭಾರ ಸಣ್ಣ ಜಾಗದ ಮೇಲೆ ಬಿದ್ದರೆ ಟಯರ್ ಆ ಜಾರುವ ಪದರವನ್ನು ಕತ್ತರಿಸಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಅಗಲದ ಟಯರ್ ಹಾಕಿದರೆ ಅದೇ ಪದರದ ಮೇಲೆ ತೇಲಿಕೊಂಡು ಚರಂಡಿ ಕಡೆ ಹೋಗುತ್ತದೆ. ಕೊಲ್ಲೂರಿನಿಂದ ಕೊಡಚಾದ್ರಿಗೆ ಜನ ಹತ್ತಿಸುವ ಜೀಪುಗಳ ಟಯರ್ ಒಮ್ಮೆ ನೋಡಿ. ಪೇಟೆಯಲ್ಲಿ ಸ್ಟೈಲಿಗೆ ಹಾಕುವಂಥ ಅಗಲ ಟಯರ್ ಅಲ್ಲಿ ನಡೆಯುವುದಿಲ್ಲ.

ಬೈಲು ಗದ್ದೆಯ ಕೆಸರು ಬೇರೆ. ಅದಕ್ಕೆ ಅಡಿಯೇ ಇಲ್ಲ ಅನ್ನಬಹುದು, ಮೊಣಕಾಲವರೆಗೆ ಮೆತ್ತನೆ. ಅಲ್ಲಿ ಸಪೂರ ಟಯರ್ ಹೋದರೆ ಸೀದಾ ಕೆಳಗೆ, ಆಕ್ಸಲ್ ನೆಲಕ್ಕೆ ಕೂತ ಮೇಲೆ ಎಂಥ ಬಟನ್ ಇದ್ದರೂ ಚಕ್ರ ಗಾಳಿಯಲ್ಲಿ ತಿರುಗಿದ ಹಾಗೆ. ಅಂಥ ಕಡೆ ತೇಲಬೇಕು, ಅಂದರೆ ಅಗಲ ಬೇಕು, ಗಾಳಿ ಇಳಿಸಬೇಕು. ನಿಜ ಹೇಳಬೇಕಂದರೆ ಗದ್ದೆಗೆ ಪಿಕಪ್ ಇಳಿಸುವುದೇ ಬೇಡ, ಅದಕ್ಕೆ ಟಿಲ್ಲರ್ ಇದೆ, ಟ್ರ್ಯಾಕ್ಟರ್ ಇದೆ.

ಮೂರನೆಯದು ಅಡಿಕೆ ತೋಟದ, ರಬ್ಬರ್ ತೋಟದ ದಾರಿ. ಕೊಳೆತ ಎಲೆ, ಪಾಚಿ, ಕೆಳಗೆ ಜೇಡಿ ಮಣ್ಣು, ಮೇಲೆ ಏರು. ಇಲ್ಲಿ ಒಳ್ಳೆಯ ಎಟಿ ಹತ್ತುವುದನ್ನು ಎಚ್‌ಟಿ ಹತ್ತುವುದಿಲ್ಲ, ಎಂಟಿ ಹತ್ತುವುದನ್ನು ಕೆಲವು ಸಲ ಎಟಿ ಹತ್ತುವುದಿಲ್ಲ. ಮಲೆನಾಡಿನ ಎಸ್ಟೇಟುಗಳಲ್ಲಿ ಮಳೆಗಾಲಕ್ಕೆ ಜೀಪಿನ ಹಿಂದಿನ ಚಕ್ರಕ್ಕೆ ಕಬ್ಬಿಣದ ಚೈನ್ ಕಟ್ಟುವುದು ಇದಕ್ಕೇ. ವರ್ಷದಲ್ಲಿ ಕೆಲವೇ ವಾರ, ಒಂದೇ ಏರಿನಲ್ಲಿ ತೊಂದರೆ ಅನ್ನುವವರು ನಾಲ್ಕು ಎಂಟಿ ಟಯರ್ ಹಾಕಿಸುವ ಬದಲು ಎಟಿ ಹಾಕಿಸಿ ಒಂದು ಜೊತೆ ಚೈನ್ ಗಾಡಿಯಲ್ಲಿ ಇಟ್ಟುಕೊಂಡರೆ ಸಾಕು. ಡಾಮರು ಬಂದ ಕೂಡಲೇ ಚೈನ್ ಬಿಚ್ಚಬೇಕು, ಇಲ್ಲದಿದ್ದರೆ ರಸ್ತೆಯೂ ಹಾಳು, ಟಯರೂ ಹಾಳು.

ಇನ್ನು ನೀರು. ಹೆದ್ದಾರಿಯಲ್ಲಿ ನೀರು ನಿಂತ ಕಡೆ ಸ್ಪೀಡಾಗಿ ಹೋದಾಗ ಸ್ಟಿಯರಿಂಗ್ ದಿಢೀರನೆ ಹಗುರ ಆಗುತ್ತದಲ್ಲ, ಆಗ ಟಯರ್ ರಸ್ತೆ ಬಿಟ್ಟು ನೀರಿನ ಮೇಲೆ ಏರಿರುತ್ತದೆ. ಇದು ಯಾವ ವೇಗದಲ್ಲಿ ಆಗುತ್ತದೆ ಅನ್ನುವುದಕ್ಕೆ ನಾಸಾದವರು 1960ರ ದಶಕದಲ್ಲೇ ವಿಮಾನದ ಟಯರ್ ಪರೀಕ್ಷೆ ಮಾಡಿ ಒಂದು ಸೂತ್ರ ಕೊಟ್ಟರು. ಅದರಲ್ಲಿ ವೇಗ ನಿಂತಿರುವುದು ಮುಖ್ಯವಾಗಿ ಗಾಳಿಯ ಒತ್ತಡದ ಮೇಲೆ. ಆ ಲೆಕ್ಕ ಹಿಡಿದರೆ 36 ಪಿಎಸ್‌ಐ ಇರುವ ಟಯರ್ ಆಳದ ನೀರಿನಲ್ಲಿ ತೇಲುವುದು ಸುಮಾರು 100 ಕಿಲೋಮೀಟರ್ ವೇಗದಲ್ಲಿ, 25 ಪಿಎಸ್‌ಐ ಇದ್ದರೆ ಸುಮಾರು 83ರಲ್ಲೇ. ರಸ್ತೆ, ಟಯರ್, ಸವೆತ ನೋಡಿಕೊಂಡು ಇದು ಹೆಚ್ಚು ಕಡಿಮೆ ಆಗುತ್ತದೆ, ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಗಾಳಿ ಸ್ವಲ್ಪ ಇಳಿಸಿದರೆ ಗ್ರಿಪ್ ಜಾಸ್ತಿ ಅಂತ ಪಂಕ್ಚರ್ ಅಂಗಡಿಯಲ್ಲಿ ಹೇಳುವವರಿದ್ದಾರೆ. ಡಾಮರು ರಸ್ತೆಯ ಮಟ್ಟಿಗೆ ಅದು ಉಲ್ಟಾ ಮಾತು. ಬಾಗಿಲ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು, ಟಯರ್ ತಣ್ಣಗಿರುವಾಗ. ಪಿಕಪ್‌ಗೆ ಲೋಡ್ ಹಾಕುವಾಗ ಹಿಂದಿನದಕ್ಕೆ ಬೇರೆ ಲೆಕ್ಕ ಇರುತ್ತದೆ, ಅದೂ ಆ ಚೀಟಿಯಲ್ಲೇ ಇದೆ.

ಗಾಳಿ ಇಳಿಸುವ ಜಾಗ ಕೆಸರು. ಸುಮಾರು 18ರಿಂದ 20 ಪಿಎಸ್‌ಐಗೆ ಇಳಿಸಿದರೆ ಟಯರ್ ಉದ್ದಕ್ಕೆ ಚಪ್ಪಟೆಯಾಗಿ ನೆಲಕ್ಕೆ ಕೂರುತ್ತದೆ, ಹಿಡಿತ ಹೆಚ್ಚುತ್ತದೆ, ಎಟಿ ಟಯರಿಗೆ ಎಂಟಿಯ ಅರ್ಧ ಗುಣ ಪುಕ್ಕಟೆ ಬಂದ ಹಾಗೆ. ಖಾಲಿ ಗಾಡಿಗೆ ಮಾತ್ರ, ನಿಧಾನಕ್ಕೆ ಓಡಿಸುವಾಗ ಮಾತ್ರ. ಲೋಡ್ ಹೊತ್ತು ಹೀಗೆ ಮಾಡಿದರೆ ಸೈಡ್‌ವಾಲ್ (ಟಯರ್‌ನ ಪಕ್ಕದ ಗೋಡೆ) ಬಿಸಿಯಾಗಿ ಒಡೆಯಬಹುದು, ತಿರುವಿನಲ್ಲಿ ಟಯರ್ ರಿಮ್ ಬಿಟ್ಟು ಬರಬಹುದು. ಡಾಮರಿಗೆ ಬಂದ ಕೂಡಲೇ ತುಂಬಿಸಬೇಕು, ಹಾಗಾಗಿ ಸಿಗರೇಟ್ ಲೈಟರ್‌ಗೆ ಸಿಕ್ಕಿಸುವ ಒಂದು ಸಣ್ಣ ಪಂಪ್ ಇಟ್ಟುಕೊಳ್ಳಿ.

ನಮ್ಮ ರಸ್ತೆಗಳಲ್ಲಿ ನೀರಷ್ಟೇ ಅಲ್ಲ, ಬೇರೆಯೂ ಇದೆ. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ಧೂಳು ಎದ್ದು ನೊರೆ ಬರುತ್ತದೆ. ಮಲ್ಪೆ, ಮಂಗಳೂರು ದಕ್ಕೆಯಿಂದ ಹೊರಟ ಮೀನಿನ ಲಾರಿ ತಿರುವಿನಲ್ಲಿ ನೀರು ಚೆಲ್ಲಿಕೊಂಡು ಹೋಗಿರುತ್ತದೆ. ಕೋರೆಯಿಂದ ಬಂದ ಟಿಪ್ಪರ್ ಚಕ್ರದ ಕೆಂಪು ಮಣ್ಣನ್ನು ಅರ್ಧ ಕಿಲೋಮೀಟರ್ ಹಚ್ಚಿ ಹೋಗಿರುತ್ತದೆ. ಡಾಮರಿನ ಮೇಲಿನ ಈ ಮಣ್ಣು ತೋಟದ ಮಣ್ಣಿಗಿಂತ ಅಪಾಯ, ಯಾಕೆಂದರೆ ಅಲ್ಲಿ ನೀವು 60ರಲ್ಲಿ ಇರುತ್ತೀರಿ. ಇದಕ್ಕೆ ಯಾವ ಟಯರೂ ಪೂರ್ತಿ ಉತ್ತರ ಕೊಡುವುದಿಲ್ಲ, ಸೈಪ್ ಇರುವ ಟಯರ್ ಸ್ವಲ್ಪ ಕೊಡುತ್ತದೆ.

ಚಳಿ ದೇಶದ ವಿಂಟರ್ ಟಯರ್ ಬಗ್ಗೆಯೂ ಹೇಳಿಬಿಡುತ್ತೇನೆ. ಕೆನಡಾದಲ್ಲಿರುವ ನಮ್ಮವರು ವರ್ಷಕ್ಕೆ ಎರಡು ಸಲ ಟಯರ್ ಬದಲಾಯಿಸುವ ಫೋಟೊ ಹಾಕಿದಾಗಲೆಲ್ಲ ಇಲ್ಲಿ ಯಾರಾದರೂ "ನಮಗೂ ಅಂಥದ್ದು ಸಿಗುತ್ತಾ" ಅಂತ ಕೇಳುತ್ತಾರೆ. ಆ ಟಯರ್‌ನ ಗುಟ್ಟು ಬಟನ್‌ಗಿಂತ ಹೆಚ್ಚಾಗಿ ರಬ್ಬರಿನಲ್ಲಿದೆ. ಸಾಮಾನ್ಯ ಟಯರ್‌ನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ, ವಿಂಟರ್ ಟಯರ್‌ನದ್ದು ಆ ಚಳಿಯಲ್ಲೂ ಮೆತ್ತಗೆ ಉಳಿಯುವಂತೆ ಮಾಡಿರುತ್ತಾರೆ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಕಾನೂನು. ನಮ್ಮಲ್ಲಿ ಡಿಸೆಂಬರ್ ರಾತ್ರಿಯಲ್ಲೂ ಫ್ಯಾನ್ ಬೇಕು. ಇಲ್ಲಿ ಆ ಟಯರ್ ಹಾಕಿದರೆ ಬಿಸಿಗೆ ಮೆತ್ತಗಾಗಿ ಬೇಗ ಸವೆಯುತ್ತದೆ, ಬ್ರೇಕೂ ಸರಿ ಹಿಡಿಯುವುದಿಲ್ಲ.

ಆದರೆ ಅಲ್ಲಿಯ ಎರಡು ಗುರುತುಗಳು ಇಲ್ಲಿನ ಟಯರ್ ಮೇಲೂ ಕಾಣಿಸುತ್ತವೆ. ಒಂದು, ಎಂ ಪ್ಲಸ್ ಎಸ್. ಕೆಸರು ಮತ್ತು ಹಿಮ ಅಂತ ಅದರ ಅರ್ಥ. ಬಟನ್‌ಗಳ ನಡುವೆ ಇಷ್ಟು ಜಾಗ ಇದೆ ಅನ್ನುವ ಆಧಾರದ ಮೇಲೆ ಕಂಪೆನಿಯೇ ಹಾಕಿಕೊಳ್ಳುವ ಗುರುತು ಅದು, ಅದಕ್ಕೆ ಪರೀಕ್ಷೆ ಏನೂ ಇಲ್ಲ. ಅಂಗಡಿಯಲ್ಲಿ ಅದನ್ನು ತೋರಿಸಿ "ನೋಡಿ, ಕೆಸರಿಗೇ ಮಾಡಿದ್ದು" ಅಂದರೆ ನಕ್ಕು ಸುಮ್ಮನಿರಿ. ಇನ್ನೊಂದು, ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಚಿತ್ರ. ಇದು ಹಿಮದ ಮೇಲೆ ಪರೀಕ್ಷೆಯಲ್ಲಿ ಪಾಸಾದ ಟಯರಿಗೆ ಮಾತ್ರ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಚಳಿಗಾಲದ ರಸ್ತೆಗೆ ಈ ಚಿತ್ರ ಇರುವ ಟಯರೇ ಆಗಬೇಕು, ಬರೀ ಎಂ ಪ್ಲಸ್ ಎಸ್ ನಡೆಯುವುದಿಲ್ಲ. ಕೆಲವು ಎಟಿ ಟಯರ್‌ಗಳ ಮೇಲೂ ಈ ಚಿತ್ರ ಇರುತ್ತದೆ. ಇಲ್ಲಿಂದ ಗಾಡಿಯಲ್ಲೇ ಲಡಾಖ್, ಸ್ಪಿತಿ ಅಂತ ಹೊರಡುವವರಿಗೆ ಅಂಥ ಎಟಿ ಒಳ್ಳೆಯದು. ಆದರೂ ರಸ್ತೆಯ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿದ ಕಡೆ ಅಲ್ಲೂ ಚೈನೇ ಗತಿ.

ಸೈಡ್‌ವಾಲ್ ಮೇಲಿನ ಅಂಕಿಗಳಿಗೆ ಬರೋಣ. 215/75 ಆರ್15 ಅಂತ ಬೊಲೆರೊ ಟಯರ್ ಮೇಲೆ ಇರುತ್ತದೆ. 215 ಮಿಲಿಮೀಟರ್ ಅಗಲ. ಸೈಡ್‌ವಾಲ್ ಎತ್ತರ ಆ ಅಗಲದ 75 ಶೇಕಡಾ. ಆರ್ ಅಂದರೆ ರೇಡಿಯಲ್, 15 ಇಂಚಿನ ರಿಮ್. ಲೆಕ್ಕ ಹಾಕಿದರೆ ಟಯರ್‌ನ ಒಟ್ಟು ಎತ್ತರ ಸುಮಾರು 703 ಮಿಲಿಮೀಟರ್. ಇದಕ್ಕೆ 235/75 ಆರ್15 ಹಾಕಿಸುವುದು ಬಹಳ ಜನರ ಆಸೆ. ಅದರ ಎತ್ತರ 733. ನಾಲ್ಕು ಶೇಕಡಾಕ್ಕಿಂತ ಜಾಸ್ತಿ ದೊಡ್ಡದು, ಮೀಟರ್ 80 ತೋರಿಸುವಾಗ ಗಾಡಿ 83ರಲ್ಲಿ ಇರುತ್ತದೆ. ಅದು ದೊಡ್ಡ ವಿಷಯ ಅಲ್ಲ ಅಂದುಕೊಳ್ಳಿ. ಚಕ್ರ ದೊಡ್ಡದಾದರೆ ಅದನ್ನು ತಿರುಗಿಸಲು ಇಂಜಿನ್‌ಗೂ ಕಷ್ಟ, ನಿಲ್ಲಿಸಲು ಬ್ರೇಕ್‌ಗೂ ಕಷ್ಟ, ಪೂರ್ತಿ ತಿರುಗಿಸಿದರೆ ಎಲ್ಲೋ ಉಜ್ಜುತ್ತದೆ. ಮುರಕಲ್ಲಿನ ದಾರಿಗೆ ಅಗಲ ಬೇಡ ಅಂತ ಮೊದಲೇ ಹೇಳಿದೆನಲ್ಲ, ಹಾಗಾದರೆ ಇದೆಲ್ಲ ಯಾಕೆ? ಜಿಮ್ನಿಯಂಥ ಗಾಡಿಗೆ ಕಂಪೆನಿಯೇ 195/80 ಆರ್15 ಕೊಟ್ಟಿದೆ. ಸಪೂರ ಕಾಣುತ್ತದೆ ಅಂತ ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಗುಡ್ಡೆಗೆ ಅದು ಸರಿಯಾದ ಅಳತೆ.

ಅಳತೆಯ ಪಕ್ಕದಲ್ಲಿ 100ಎಸ್, 105ಎಸ್ ಅಂತ ಇನ್ನೊಂದು ಅಂಕಿ ಇರುತ್ತದೆ. ಇದನ್ನು ಯಾರೂ ನೋಡುವುದಿಲ್ಲ, ಪಿಕಪ್‌ನವರಂತೂ ನೋಡಲೇಬೇಕು. 100 ಅಂದರೆ ಒಂದು ಟಯರ್ 800 ಕಿಲೋ ಹೊರುತ್ತದೆ, 105 ಅಂದರೆ 925 ಕಿಲೋ. ಎಸ್ ಅಂದರೆ ಗಂಟೆಗೆ 180 ಕಿಲೋಮೀಟರ್‌ವರೆಗೆ ತಾಳುತ್ತದೆ. ಲೋಡ್ ಅಂಕಿ ಕಂಪೆನಿ ಹೇಳಿದ್ದಕ್ಕಿಂತ ಕಡಿಮೆ ಇರುವ ಟಯರ್ ಎಷ್ಟೇ ಚಂದ ಇದ್ದರೂ ಬೇಡ. ಕಾರಿನ ಟಯರ್ ಪಿಕಪ್‌ಗೆ ಹಾಕಿ, ಅದರ ಮೇಲೆ ಮುರಕಲ್ಲು ಹೇರಿ, ಚಾರ್ಮಾಡಿ ಹತ್ತಿಸುವುದು ಆಟ ಅಲ್ಲ.

ಎಷ್ಟು ಸವೆದರೆ ಬದಲಾಯಿಸಬೇಕು? ಕಾನೂನು ಹೇಳುವುದು 1.6 ಮಿಲಿಮೀಟರ್. ಸೈಡ್‌ವಾಲ್ ಮೇಲ್ಭಾಗದಲ್ಲಿ ಒಂದು ಸಣ್ಣ ತ್ರಿಕೋನ ಅಥವಾ ಟಿಡಬ್ಲ್ಯುಐ ಅಂತ ಅಕ್ಷರ ಇರುತ್ತದೆ. ಅದರ ನೇರಕ್ಕೆ ಕಾಲುವೆಯೊಳಗೆ ಬೆರಳು ಇಟ್ಟು ಸವರಿದರೆ ಒಂದು ದಿಬ್ಬ ಸಿಗುತ್ತದೆ. ಬಟನ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಮುಗಿಯಿತು. ಆದರೆ ಅದು ಕೊನೆಯ ಗಡಿ. ನಮ್ಮ ಮಳೆಗೆ ಅಲ್ಲಿವರೆಗೆ ಕಾಯುವುದು ಸರಿಯಲ್ಲ. 3 ಮಿಲಿಮೀಟರ್‌ಗಿಂತ ಕೆಳಗೆ ಹೋದರೆ ನೀರು ಹೊರಗೆ ಹಾಕುವ ಶಕ್ತಿ ಬೇಗ ಬೇಗ ಇಳಿಯುತ್ತದೆ. ಏಪ್ರಿಲ್‌ನಲ್ಲಿ 3 ಇದ್ದರೆ ಜೂನ್‌ಗೆ ಮೊದಲು ಬದಲಾಯಿಸಿ, ಅದೇ ಟಯರ್ ಬೇಸಗೆಯಲ್ಲಿ ಇನ್ನೂ ಓಡುತ್ತಿತ್ತು ಅನ್ನುವ ಹೊಟ್ಟೆಯುರಿ ಬೇಡ.

ಎರಡೇ ಟಯರ್ ಬದಲಾಯಿಸುವ ದುಡ್ಡಿದ್ದರೆ ಹೊಸದನ್ನು ಹಿಂದೆ ಹಾಕಿ. ಇದಕ್ಕೆ ಅರ್ಧ ಜನ ಒಪ್ಪುವುದಿಲ್ಲ, ಸ್ಟಿಯರಿಂಗ್ ಮುಂದೆ ಅಲ್ವಾ ಅನ್ನುತ್ತಾರೆ. ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತದೆ, ನಿಮಗೆ ಗೊತ್ತಾಗುತ್ತದೆ, ಕಾಲು ತೆಗೆದರೆ ಬಹಳ ಸಲ ಸುಧಾರಿಸುತ್ತದೆ. ಹಿಂದಿನದು ಜಾರಿದರೆ ಗಾಡಿ ತಿರುಗಿ ನಿಲ್ಲುತ್ತದೆ, ಅಷ್ಟರಲ್ಲಿ ಕೈಯಿಂದ ಹೋಗಿರುತ್ತದೆ. ಅದರಲ್ಲೂ ಖಾಲಿ ಪಿಕಪ್‌ನ ಹಿಂಭಾಗ ಹಗುರ. ಆಗುಂಬೆಯ ತಿರುವಿನಲ್ಲಿ ಖಾಲಿ ಇಳಿಯುವಾಗ ಬಾಲ ಒದರುವುದು ಇದಕ್ಕೇ. ಫೋರ್ ವೀಲ್ ಡ್ರೈವ್ ಇದ್ದರೆ ನಾಲ್ಕೂ ಒಂದೇ ಅಳತೆ, ಹೆಚ್ಚು ಕಡಿಮೆ ಒಂದೇ ಸವೆತ ಇರಬೇಕು. ಇಲ್ಲದಿದ್ದರೆ ಗೇರ್‌ಬಾಕ್ಸ್ ಮೇಲೆ ಎಳೆತ ಬೀಳುತ್ತದೆ.

ಲಾರಿ, ಟಿಪ್ಪರ್‌ನವರಿಗೆ ಇದು ಗೊತ್ತಿರುವ ವಿಷಯವೇ. ಮುಂದಿನ ಚಕ್ರಕ್ಕೆ ಉದ್ದ ಗೆರೆಯ ರಿಬ್ ಟಯರ್, ಗಾಡಿ ಎಳೆಯುವ ಹಿಂದಿನ ಚಕ್ರಕ್ಕೆ ಅಡ್ಡ ಬಟನ್‌ನ ಲಗ್ ಟಯರ್. ಕೋರೆಗೆ ಹೋಗುವವರು ಜೋಡಿ ಚಕ್ರದ ನಡುವೆ ಮುರಕಲ್ಲಿನ ತುಂಡು ಸಿಕ್ಕಿದೆಯಾ ಅಂತ ಪ್ರತಿ ಟ್ರಿಪ್ಪಿಗೂ ಬಗ್ಗಿ ನೋಡಬೇಕು. ಅದು ಹೆದ್ದಾರಿಯಲ್ಲಿ ಸಿಡಿದರೆ ಹಿಂದಿನ ಬೈಕಿನವನ ಗತಿ ಏನು? ಜೋಡಿಯಲ್ಲಿ ಒಳಗಿನ ಟಯರಿಗೂ ಹೊರಗಿನದಕ್ಕೂ ಗಾಳಿ ಒಂದೇ ಇರಲಿ, ಇಲ್ಲದಿದ್ದರೆ ಭಾರವೆಲ್ಲ ಒಂದರ ಮೇಲೇ. ರೀಟ್ರೆಡ್ ಮಾಡಿಸಿದ (ಸವೆದ ಮೇಲೆ ಹೊಸ ರಬ್ಬರ್ ಹಾಕಿಸಿದ) ಟಯರನ್ನು ಮುಂದಿನ ಚಕ್ರಕ್ಕೆ ಹಾಕಲೇಬೇಡಿ.

ಹಾಗಾದರೆ ಯಾರಿಗೆ ಯಾವುದು? ಪೇಟೆ, ಹೆದ್ದಾರಿ, ಆಗೊಮ್ಮೆ ಘಾಟಿ ಅನ್ನುವವರಿಗೆ ಸೈಪ್ ಚೆನ್ನಾಗಿರುವ ಎಚ್‌ಟಿ ಸಾಕು. ಮನೆಗೆ ಮಣ್ಣಿನ ದಾರಿ, ತೋಟ ಇದೆ, ಆದರೆ ವಾರಕ್ಕೆ ನಾಲ್ಕು ದಿನ ಮಂಗಳೂರಿಗೋ ಉಡುಪಿಗೋ ಹೋಗಬೇಕು ಅನ್ನುವವರಿಗೆ ಎಚ್‌ಟಿ ಕಡೆಗೆ ವಾಲಿರುವ ಎಟಿ. ಈ ಊರಿನ ಹೆಚ್ಚಿನವರು ಇದೇ ಸಾಲಿಗೆ ಬರುತ್ತಾರೆ. ಗಾಡಿ ತೋಟದಿಂದ ಹೊರಗೆ ಬರುವುದೇ ಅಪರೂಪ, ಹೊರಗೆ ಬಂದರೂ 50 ದಾಟುವುದಿಲ್ಲ ಅನ್ನುವ ಜೀಪಿಗೆ ಧಾರಾಳವಾಗಿ ಎಂಟಿ ಹಾಕಿಸಿ.

ಕೊಳ್ಳುವಾಗ ಸೈಡ್‌ವಾಲ್ ಮೇಲೆ ಸಣ್ಣ ಚೌಕಟ್ಟಿನೊಳಗೆ ಇರುವ ನಾಲ್ಕು ಅಂಕಿ ಓದಿ. 2324 ಅಂತ ಇದ್ದರೆ 2024ರ 23ನೇ ವಾರ ತಯಾರಾದದ್ದು. ಎರಡು ಮೂರು ವರ್ಷ ಗೋಡೌನಿನಲ್ಲಿ ಕೂತದ್ದನ್ನು ಆಫರ್ ಅಂತ ಕೊಟ್ಟರೆ ತೆಗೆದುಕೊಳ್ಳಬೇಡಿ. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ, ನಮ್ಮ ಗುಂಡಿಗಳಿಗೆ ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ. ಸ್ಟೆಪ್ನಿಯನ್ನೂ ಆವತ್ತೇ ಕೆಳಗಿಳಿಸಿ ಗಾಳಿ ನೋಡಿಸಿ, ಅದರ ಅಳತೆ ಹೊಸ ಟಯರಿಗೆ ಹೊಂದುತ್ತದಾ ಅಂತಲೂ ನೋಡಿ. ಜ್ಯಾಕ್ ಜೊತೆಗೆ ಒಂದು ಅಡಿ ಅಗಲದ ಹಲಗೆ ತುಂಡು ಇರಲಿ, ಮಳೆಗೆ ನೆನೆದ ಮಣ್ಣಿನಲ್ಲಿ ಜ್ಯಾಕ್ ಗಾಡಿಯನ್ನು ಎತ್ತುವ ಬದಲು ತಾನೇ ಕೆಳಗೆ ಹೋಗುತ್ತದೆ.